ಹುಬ್ಬು ತೀಡಲು 750 ಗಂಟೆಯ ಪಾಠ!

ಅಮೆರಿಕಕ್ಕೆ ಹೋಗಿ ಬಂದವರು ನಯಾಗರ ಜಲಪಾತವನ್ನೂ ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳನ್ನೂ ಬೇಕಾದಷ್ಟು ಸಲ ವರ್ಣಿಸಿದ್ದಾರೆ. ನಾನು ಆ ಕಡೆ ಹೋಗಲೇ ಇಲ್ಲ. ನಾನಿದ್ದದ್ದು ದಕ್ಷಿಣದ ಟೆಕ್ಸಾಸ್ ರಾಜ್ಯದ ಹೂಸ್ಟನ್ ನಗರದಲ್ಲಿ, ತಂಗಿಯ ಮನೆಯಲ್ಲಿ, ಎರಡೂವರೆ ತಿಂಗಳು. ಅಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಬ್ಯೂಟಿ ಪಾರ್ಲರಿನ ಗೋಡೆಯ ಮೇಲೆ ತೂಗುಹಾಕಿದ್ದ ಒಂದು ಕಾಗದ. ಇದೇನಪ್ಪ, ಏಳು ಸಮುದ್ರ ದಾಟಿ ಪಾರ್ಲರಿನ ಗೋಡೆ ನೋಡಿ ಬಂದಳೇ ಎಂದು ನಗಬೇಡಿ. ತಿಂಗಳಿಗೊಮ್ಮೆ ಹುಬ್ಬು ತೀಡಿಸಿಕೊಳ್ಳುವ, ಮನೆಯಲ್ಲಿ ಮದುವೆ ಬಂತೆಂದರೆ ಫೇಶಿಯಲ್ ಮಾಡಿಸಿಕೊಳ್ಳುವ ನಮಗೆಲ್ಲ ಆ ಕಾಗದದಿಂದ ತಿಳಿಯುವುದು ಬಹಳವಿದೆ.

ಗಾಂಧೀಜಿ ಹೆಸರಿನ ಬಡಾವಣೆ

ಹೂಸ್ಟನ್ ಬಹಳ ಹರಡಿಕೊಂಡ ಊರು. ಕಾರಿಲ್ಲದಿದ್ದರೆ ಒಂದು ಪೊಟ್ಟಣ ಉಪ್ಪು ತರುವುದೂ ಕಷ್ಟ. ಸೆಕೆ ಮಾತ್ರ ನಮ್ಮ ಮಂಗಳೂರಿನ ಹಾಗೆ, ಮೈಯೆಲ್ಲ ಅಂಟಂಟು. ಊರಿನ ನೈಋತ್ಯ ದಿಕ್ಕಿನಲ್ಲಿ ಹಿಲ್‌ಕ್ರಾಫ್ಟ್ ಎಂಬ ದೊಡ್ಡ ರಸ್ತೆ ಇದೆ. ಅದರ ಸುತ್ತಮುತ್ತಲ ಪ್ರದೇಶಕ್ಕೆ 2010ರಲ್ಲಿ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂದು ಹೆಸರಿಟ್ಟರು. ಅಷ್ಟು ದೂರದ ಊರಿನಲ್ಲಿ ಬಾಪೂಜಿಯ ಹೆಸರು ಓದಿದಾಗ ಎದೆ ತುಂಬಿ ಬಂತು.

ಆ ರಸ್ತೆಯಲ್ಲಿ ಇಲ್ಲದ್ದು ಏನಿದೆ ಹೇಳಿ! ಸೀರೆ ಅಂಗಡಿ, ಚಿನ್ನದ ಅಂಗಡಿ, ಚಾಟ್ ಮಾರುವವರು, ದೋಸೆ ಹೋಟೆಲು, ಹಾಗಲಕಾಯಿ, ಬೆಂಡೆಕಾಯಿ, ಸಣ್ಣ ಚೀಲದಲ್ಲಿ ಕಟ್ಟಿಟ್ಟ ಕರಿಬೇವು. ಅಂಗಡಿಗಳ ನಡುನಡುವೆ ಹುಬ್ಬಿನ ಚಿತ್ರ ಬರೆದ ಬೋರ್ಡುಗಳು: ಐಬ್ರೋ ಥ್ರೆಡ್ಡಿಂಗ್. ನಮ್ಮ ಹೆಣ್ಣುಮಕ್ಕಳು ದಾರ ಹಿಡಿದುಕೊಂಡೇ ಸಮುದ್ರ ದಾಟಿದ್ದಾರೆ ಎನ್ನಿಸಿತು. ಈಗ ಅಲ್ಲಿಯ ಬಿಳಿಯ ಹೆಂಗಸರೂ ಸಾಲಿನಲ್ಲಿ ಕುಳಿತು ದಾರದಿಂದಲೇ ಹುಬ್ಬು ತೀಡಿಸಿಕೊಳ್ಳುತ್ತಾರೆ.

ನನ್ನ ತಂಗಿ ಕೆಲಸ ಮಾಡುವುದು ಅಂಥದೇ ಒಂದು ಅಂಗಡಿಯಲ್ಲಿ. ಮದುವೆಗೆ ಮುಂಚೆಯೂ ಆಮೇಲೂ ಸೇರಿ ಎಂಟು ವರ್ಷ ಅವಳು ತಿಪಟೂರಿನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಪಾರ್ಲರ್ ನಡೆಸಿದವಳು. ಮದುಮಗಳ ಅಲಂಕಾರಕ್ಕೆ ಅರಸೀಕೆರೆಯಿಂದಲೂ ಕರೆ ಬರುತ್ತಿತ್ತು. ಗಂಡನ ಕೆಲಸದಿಂದಾಗಿ ಹೂಸ್ಟನ್ ಸೇರಿದ ಮೇಲೆ ಗ್ರೀನ್ ಕಾರ್ಡ್ ಬರುವವರೆಗೆ ಸುಮ್ಮನೆ ಕುಳಿತಿದ್ದಳು. ಕಾರ್ಡು ಬಂದ ಮೇಲೆ ಕೆಲಸಕ್ಕೆ ಹೋದರೆ, ಹುಬ್ಬು ಮಾತ್ರ ತೀಡಬಹುದು, ಫೇಶಿಯಲ್ ಮುಟ್ಟುವ ಹಾಗಿಲ್ಲ, ವ್ಯಾಕ್ಸಿಂಗ್ ಮುಟ್ಟುವ ಹಾಗಿಲ್ಲ ಎಂದರಂತೆ. “ಅಕ್ಕಾ, ಎಂಟು ವರ್ಷ ಮಾಡಿದ ಕೈ ಇದು. ಯಾರಾದ್ರೂ ಫೇಶಿಯಲ್ ಮಾಡ್ತೀರಾ ಅಂದ್ರೆ, ಇಲ್ಲಮ್ಮ ನನಗೆ ಬರಲ್ಲ ಅನ್ನೋ ಹಾಗೆ ಪಕ್ಕದ ಕುರ್ಚಿ ತೋರಿಸ್ತೀನಿ” ಎಂದಳು. ಬರುವುದಿಲ್ಲ ಎಂದಲ್ಲ, ಅವಳ ಹೆಸರಿನ ಕಾಗದ ಆ ಗೋಡೆಯ ಮೇಲಿಲ್ಲ, ಅಷ್ಟೇ.

ಗೋಡೆಯ ಮೇಲೆ ಏನೇನಿತ್ತು?

ಒಂದು ಮಧ್ಯಾಹ್ನ ಗಿರಾಕಿಗಳು ಕಡಿಮೆ ಇದ್ದ ಹೊತ್ತಿನಲ್ಲಿ ಆ ಅಂಗಡಿಯಲ್ಲಿ ಕುಳಿತು ಎಲ್ಲವನ್ನೂ ನೋಡಿದೆ. ಅಂಗಡಿಗೇ ಒಂದು ಲೈಸೆನ್ಸು. ಒಳಗೆ ಕೆಲಸ ಮಾಡುವ ಒಬ್ಬೊಬ್ಬರಿಗೂ ಬೇರೆ ಬೇರೆ ಲೈಸೆನ್ಸು. ಚರ್ಮದ ಆರೈಕೆ ಮಾಡುವವಳಿಗೆ ಅಲ್ಲಿ ಎಸ್ತೆಟೀಶಿಯನ್ ಎನ್ನುತ್ತಾರೆ. ಫೇಶಿಯಲ್, ವ್ಯಾಕ್ಸಿಂಗ್, ಮುಖದ ಅಲಂಕಾರ ಇವಳ ಪಾಲು. ಕೂದಲು ಕತ್ತರಿಸುವ ಲೈಸೆನ್ಸು ಬೇರೆ, ಉಗುರು ತಿದ್ದುವ ಲೈಸೆನ್ಸು ಬೇರೆ. ನಮ್ಮಲ್ಲಿ ಒಬ್ಬಳೇ ಹೆಣ್ಣುಮಗಳು ಇಷ್ಟನ್ನೂ ಮಾಡಿ, ಮೇಲೆ ಮೆಹಂದಿಯನ್ನೂ ಹಾಕಿ ಕಳಿಸುತ್ತಾಳೆ!

ಗಿರಾಕಿಗೆ ತೊಂದರೆಯಾದರೆ ಯಾವ ಇಲಾಖೆಗೆ ದೂರು ಕೊಡಬೇಕು ಎಂಬುದನ್ನೂ ಗೋಡೆಯ ಮೇಲೆ ಬರೆದಿತ್ತು. ಆ ಇಲಾಖೆಯ ಕಛೇರಿ ರಾಜಧಾನಿ ಆಸ್ಟಿನ್‌ನಲ್ಲಿದೆ. ಹೆಸರು ಟೆಕ್ಸಾಸ್ ಡಿಪಾರ್ಟ್‌ಮೆಂಟ್ ಆಫ್ ಲೈಸೆನ್ಸಿಂಗ್ ಅಂಡ್ ರೆಗ್ಯುಲೇಶನ್, ಅಂದರೆ ಕಸುಬುಗಳಿಗೆ ಪರವಾನಗಿ ಕೊಡುವ ಇಲಾಖೆ. ಲೈಸೆನ್ಸು ನಿಜವೋ ಸುಳ್ಳೋ, ಅವಧಿ ಮುಗಿದಿದೆಯೋ ಎಂಬುದನ್ನು ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು. ತಂಗಿ ನನ್ನ ಎದುರಿಗೇ ಹುಡುಕಿ ತೋರಿಸಿದಳು.

ಮೇಜಿನ ಮೇಲೆ ಗಾಜಿನ ಎತ್ತರದ ಜಾಡಿ, ಒಳಗೆ ಶಾಯಿಯಂತೆ ನೀಲಿ ನೀರು, ಅದರಲ್ಲಿ ಮುಳುಗಿಸಿಟ್ಟ ಚಿಮಟ, ಕತ್ತರಿ. ಆ ಔಷಧಿಯ ಹೆಸರು ಬಾರ್ಬಿಸೈಡ್. 1947ರಲ್ಲಿ ಅಮೆರಿಕದಲ್ಲೇ ಕಂಡುಹಿಡಿದದ್ದು. ಮೊದಲು ಸೋಪು ನೀರಿನಲ್ಲಿ ತೊಳೆದು, ಆಮೇಲೆ ಹತ್ತು ನಿಮಿಷ ಇದರಲ್ಲಿ ಮುಳುಗಿಸಿಡಬೇಕು. ಸುಮ್ಮನೆ ಅದ್ದಿ ತೆಗೆದರೆ ಪ್ರಯೋಜನವಿಲ್ಲ. ತೊಳೆಯಲು ಬಾರದ ಹತ್ತಿ, ಮರದ ಕಡ್ಡಿಗಳು ಒಬ್ಬರಿಗೆ ಬಳಸಿದ ಮೇಲೆ ಕಸದ ಬುಟ್ಟಿಗೆ. ವ್ಯಾಕ್ಸ್ ಹಚ್ಚುವ ಕಡ್ಡಿಯನ್ನು ಒಂದು ಸಲ ಮೈಗೆ ಮುಟ್ಟಿಸಿದರೆ ಮತ್ತೆ ಡಬ್ಬಿಗೆ ಅದ್ದುವಂತಿಲ್ಲ. ನಮ್ಮ ಮಾತಿನಲ್ಲಿ ಹೇಳುವುದಾದರೆ ಎಂಜಲು ಮಾಡುವಂತಿಲ್ಲ! ಎಂಜಲು ಮುಸುರೆ ಎಂದು ಅಡಿಗೆಮನೆಯಲ್ಲಿ ಅಷ್ಟು ನೋಡುವ ನಾವು, ವ್ಯಾಕ್ಸಿನ ಡಬ್ಬಿಯ ವಿಷಯದಲ್ಲಿ ಯೋಚನೆಯನ್ನೇ ಮಾಡಿಲ್ಲ ನೋಡಿ.

ತಪಾಸಣೆಗೆ ಬರುವವರು ಹೇಳಿ ಬರುವುದಿಲ್ಲವಂತೆ. ಹಾಗಾಗಿ ದಿನವೂ ಸ್ವಚ್ಛವಾಗಿಟ್ಟಿರಲೇಬೇಕು.

ಕಾಗದದ ಹಿಂದಿನ ಲೆಕ್ಕ

ಟೆಕ್ಸಾಸಿನಲ್ಲಿ ಎಸ್ತೆಟೀಶಿಯನ್ ಲೈಸೆನ್ಸು ಸಿಗಬೇಕಾದರೆ ವಯಸ್ಸು 17 ತುಂಬಿರಬೇಕು, ಒಪ್ಪಿಗೆ ಪಡೆದ ಶಾಲೆಯಲ್ಲಿ 750 ಗಂಟೆ ಕಲಿಯಬೇಕು, ಪರೀಕ್ಷೆ ಪಾಸಾಗಬೇಕು. 750 ಗಂಟೆ ಎಂದರೆ ವಾರಕ್ಕೆ 30 ಗಂಟೆ ಹೋದರೆ 25 ವಾರ. ಮನೆ ಮಕ್ಕಳು ಎಂದು ವಾರಕ್ಕೆ 20 ಗಂಟೆ ಮಾತ್ರ ಹೋಗಲಾದರೆ ಒಂಬತ್ತು ತಿಂಗಳ ಹತ್ತಿರ. ಒಂದು ಬಸುರಿಯ ಲೆಕ್ಕ ಎಂದು ನಾವಿಬ್ಬರೂ ನಕ್ಕೆವು. ಫೀಸು ಬೇರೆ, ಆ ಹೊತ್ತಿನಲ್ಲಿ ಕೈಬಿಟ್ಟು ಹೋಗುವ ಸಂಪಾದನೆ ಬೇರೆ.

ಅಷ್ಟು ಹೊತ್ತು ಏನು ಕಲಿಸುತ್ತಾರೆ? ಕೆಲವು ವರ್ಷಗಳ ಹಿಂದೆ ಅಲ್ಲಿದ್ದ ಪಾಠಗಳ ಪಟ್ಟಿಯನ್ನು ತಂಗಿ ತೋರಿಸಿದಳು. ಮುಖದ ಆರೈಕೆಗೆ 225 ಗಂಟೆ. ದೇಹರಚನೆಗೆ 90. ವಿದ್ಯುತ್ತು ಮತ್ತು ಯಂತ್ರಗಳಿಗೆ 75. ಮೇಕಪ್ಪಿಗೆ 75. ರಸಾಯನಶಾಸ್ತ್ರಕ್ಕೆ 50. ಅಂಗಡಿ ನಡೆಸುವ ವ್ಯವಹಾರಕ್ಕೆ 35. ಸುಗಂಧ ತೈಲಗಳ ಚಿಕಿತ್ಸೆಗೆ 15. ಬಣ್ಣಗಳ ಮನಶ್ಶಾಸ್ತ್ರಕ್ಕೆ 10. ಸ್ವಚ್ಛತೆ, ಸುರಕ್ಷತೆ, ಪ್ರಥಮ ಚಿಕಿತ್ಸೆ ಇವಕ್ಕೆ 40. ಬೇಡದ ಕೂದಲು ತೆಗೆಯುವುದಕ್ಕೆ 25.

ಈ ಪಟ್ಟಿಯಲ್ಲಿ ಕೊನೆಯ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವ ಕಥೆಗೆ ಬೇಕು. ಆ ಕಥೆಯಿಂದಲೇ ನನ್ನ ತಂಗಿಯಂಥವರಿಗೆ ಕೊನೆಯ ಪಕ್ಷ ದಾರ ಹಿಡಿಯುವ ಅವಕಾಶವಾದರೂ ಸಿಕ್ಕಿದ್ದು.

ದಾರದ ಮೊಕದ್ದಮೆ

ಹೂಸ್ಟನ್ನಿನಿಂದ ಆಸ್ಟಿನ್ನಿಗೆ ಸುಮಾರು 265 ಕಿಲೋಮೀಟರು. ತಂಗಿಯ ಯಜಮಾನರು ಒಂದು ಶನಿವಾರ ನಮ್ಮನ್ನು ಕರೆದುಕೊಂಡು ಹೊರಟರು. ಬುತ್ತಿಗೆ ಚಪಾತಿ, ಹುಣಸೆ ಗೊಜ್ಜು, ಮೊಸರನ್ನ. ಮಾರ್ಚಿ ಕೊನೆಯ ದಿನಗಳು. ಬ್ರೆನ್‌ಹ್ಯಾಮ್ ಎಂಬ ಊರಿನ ಹತ್ತಿರ ರಸ್ತೆಯ ಎರಡು ಕಡೆಯೂ ನೆಲ ಕಾಣದ ಹಾಗೆ ನೀಲಿ ಹೂವು. ಬ್ಲೂಬಾನೆಟ್ ಎನ್ನುತ್ತಾರೆ. 1901ರಿಂದ ಅದು ಟೆಕ್ಸಾಸಿನ ರಾಜ್ಯಪುಷ್ಪ. ನಮ್ಮ ಶಂಖಪುಷ್ಪದ ಬಣ್ಣ, ಗೊಂಚಲು ಮಾತ್ರ ಹುರುಳಿ ಗಾತ್ರದ ಹೂವುಗಳದು. ಜನ ಕಾರು ನಿಲ್ಲಿಸಿ ಮಕ್ಕಳನ್ನು ಹೂವಿನ ನಡುವೆ ಕೂರಿಸಿ ಫೋಟೋ ತೆಗೆಯುತ್ತಿದ್ದರು. ನಾವೂ ತೆಗೆಸಿಕೊಂಡೆವು.

ಆಸ್ಟಿನ್ನಿನ ವಿಧಾನಸೌಧ ಅಂದರೆ ಕ್ಯಾಪಿಟಲ್, ನಸುಗೆಂಪು ಗ್ರಾನೈಟಿನ ಕಟ್ಟಡ. 1888ರಲ್ಲಿ ಮುಗಿದದ್ದು. ವಾಷಿಂಗ್ಟನ್ನಿನ ಕ್ಯಾಪಿಟಲಿಗಿಂತಲೂ ಇದು ಎತ್ತರ ಎಂದು ಟೆಕ್ಸಾಸಿನವರು ಹೆಮ್ಮೆಪಡುತ್ತಾರೆ. ಗುಮ್ಮಟದ ಕೆಳಗೆ ನಿಂತು ಕತ್ತೆತ್ತಿ ನೋಡಿದರೆ ತಲೆ ತಿರುಗುತ್ತದೆ. ಅದೇ ಆವರಣದಲ್ಲಿ ಟೆಕ್ಸಾಸಿನ ಸುಪ್ರೀಂ ಕೋರ್ಟಿದೆ. ಶನಿವಾರವಾದ್ದರಿಂದ ಹೊರಗಿನಿಂದಲೇ ನೋಡಿದೆವು. “ಅಕ್ಕ, ನನ್ನ ದಾರದ ನ್ಯಾಯ ಆಗಿದ್ದು ಇಲ್ಲೇ” ಎಂದು ತಂಗಿ ದೇವಸ್ಥಾನ ತೋರಿಸುವ ಹಾಗೆ ತೋರಿಸಿದಳು.

ವಿಷಯ ಹೀಗೆ. ನಮ್ಮ ದೇಶ, ಇರಾನ್ ಮುಂತಾದ ಕಡೆ ದಾರದಿಂದ ಕೂದಲು ತೆಗೆಯುವುದು ಹಳೆಯ ಪದ್ಧತಿ. ಬಿಸಿ ಇಲ್ಲ, ರಸಾಯನ ಇಲ್ಲ, ಬ್ಲೇಡು ಇಲ್ಲ. ಒಂದು ಹತ್ತಿಯ ದಾರ, ಎರಡು ಕೈ, ಅಭ್ಯಾಸವಾದ ಕಣ್ಣು, ಇಷ್ಟೇ ಬಂಡವಾಳ. ಇದನ್ನೇ ನಂಬಿ ಅಲ್ಲಿಯ ಮಾಲ್‌ಗಳಲ್ಲಿ ಒಂದೊಂದು ಕುರ್ಚಿ ಹಾಕಿಕೊಂಡು ಅನೇಕರು ಬದುಕು ಕಟ್ಟಿಕೊಂಡಿದ್ದರು. ಪರವಾನಗಿ ಇಲಾಖೆ, ಇದೂ ಸೌಂದರ್ಯ ಚಿಕಿತ್ಸೆಯೇ, 750 ಗಂಟೆ ಓದಿ ಲೈಸೆನ್ಸು ತೆಗೆದುಕೊಳ್ಳಿ ಎಂದಿತು. ತಮಾಷೆ ಏನೆಂದರೆ, ಆ 750 ಗಂಟೆಯಲ್ಲಿ ದಾರದ ಕೆಲಸವನ್ನು ಕಲಿಸಲೇಬೇಕು ಎಂದು ಶಾಲೆಗಳಿಗೆ ನಿಯಮವಿರಲಿಲ್ಲ! ಪರೀಕ್ಷೆಯಲ್ಲೂ ಅದನ್ನು ಕೇಳುತ್ತಿರಲಿಲ್ಲ.

2009ರಲ್ಲಿ ಆಶಿಶ್ ಪಟೇಲ್ ಮತ್ತು ಇನ್ನು ಕೆಲವರು ಸರ್ಕಾರದ ಮೇಲೆ ದಾವೆ ಹೂಡಿದರು. ಕೆಳಗಿನ ಕೋರ್ಟಿನಲ್ಲಿ ಸೋತರು. ಮೇಲ್ಮನವಿಯಲ್ಲೂ ಸೋತರು. ಸರ್ಕಾರದ ವಾದ ಸುಮ್ಮನೆ ತಳ್ಳಿಹಾಕುವಂಥದೂ ಅಲ್ಲ. ಕೊಳಕು ಕೈಯಿಂದ, ಒಬ್ಬರಿಗೆ ಬಳಸಿದ ದಾರದಿಂದ ನರಹುಲಿ, ಹುಳುಕಡ್ಡಿ, ಕಣ್ಣುಬೇನೆ ಇನ್ನೊಬ್ಬರಿಗೆ ಹರಡಬಹುದು, ಜನರ ಆರೋಗ್ಯ ಕಾಯುವುದು ನಮ್ಮ ಹೊಣೆ ಎಂದರು. ಮಾತು ನಿಜವೇ ತಾನೆ?

2015ರ ಜೂನ್ 26ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಒಂಬತ್ತು ನ್ಯಾಯಾಧೀಶರಲ್ಲಿ ಆರು ಮಂದಿ ದಾರದವರ ಪರ. ಸ್ವಚ್ಛತೆಗೆ ನಿಯಮವೇ ಬೇಡ ಎಂದು ಅವರು ಹೇಳಲಿಲ್ಲ, ಇದನ್ನು ನಾವು ಸರಿಯಾಗಿ ತಿಳಿಯಬೇಕು. 750 ಗಂಟೆಯಲ್ಲಿ 320ರಷ್ಟು ಗಂಟೆಗಳಿಗೆ ದಾರದ ಕೆಲಸದಲ್ಲಿ ಆರೋಗ್ಯ ಸುರಕ್ಷತೆ ಕಾಯುವುದಕ್ಕೂ ಸಂಬಂಧವೇ ಇಲ್ಲ, ಕೆಲಸಕ್ಕೆ ಬಾರದ ಅಷ್ಟು ಪಾಠವನ್ನು ಒಬ್ಬರ ಹೊಟ್ಟೆಪಾಡಿಗೆ ಅಡ್ಡವಾಗಿ ನಿಲ್ಲಿಸುವುದು ಟೆಕ್ಸಾಸಿನ ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದರು. ಉಳಿದ ಮೂವರು ಇದನ್ನು ಒಪ್ಪಲಿಲ್ಲ. ಈಗ ಟೆಕ್ಸಾಸಿನಲ್ಲಿ ದಾರದಿಂದ ಕೂದಲು ತೆಗೆಯಲು, ಅದರ ಜೊತೆ ಹುಬ್ಬನ್ನು ಸ್ವಲ್ಪ ಕತ್ತರಿಸಿ ಸರಿಮಾಡಲು ಲೈಸೆನ್ಸು ಬೇಡ. ವ್ಯಾಕ್ಸಿಂಗ್, ಫೇಶಿಯಲ್‌ಗೆ ಬೇಕೇ ಬೇಕು.

ನಾನು ಹೆಚ್ಚು ಓದಿದವಳಲ್ಲ, ಕಾನೂನಂತೂ ಗೊತ್ತಿಲ್ಲ. ಆದರೆ ಆ ಮೆಟ್ಟಿಲ ಹತ್ತಿರ ನಿಂತಾಗ ಒಂದು ಮಾತು ಹೊಳೆಯಿತು. ಆ ಪಟ್ಟಿಯ 40 ಗಂಟೆ ಮತ್ತು 25 ಗಂಟೆ ಸೇರಿದರೆ 65. ಗಿರಾಕಿಯ ಚರ್ಮ ಕಾಯುವ ಪಾಠ ಹೆಚ್ಚುಕಡಿಮೆ ಆ ಎರಡರಲ್ಲಿದೆ. ಅದನ್ನು ಮಾತ್ರ ಕಡ್ಡಾಯ ಮಾಡಿದ್ದರೆ ದಾರ ಹಿಡಿಯುವ ಯಾವ ಹೆಣ್ಣುಮಗಳೂ ಬೇಡ ಎನ್ನುತ್ತಿರಲಿಲ್ಲವೇನೋ. ಬಣ್ಣಗಳ ಮನಶ್ಶಾಸ್ತ್ರವನ್ನೂ ಸುಗಂಧ ತೈಲವನ್ನೂ ಅದಕ್ಕೆ ಕಟ್ಟಿದ್ದರಿಂದ ಆರು ವರ್ಷ ಕೋರ್ಟಿನ ಅಲೆದಾಟವಾಯಿತು. ಕೊನೆಗೆ ಆ 65 ಗಂಟೆಯ ಪಾಠವೂ ದಾರದವರಿಗೆ ಇಲ್ಲವಾಯಿತು.

ರಾಜ್ಯಕ್ಕೊಂದು ನಿಯಮ, ಎರಡು ವರ್ಷಕ್ಕೊಂದು ಪಾಠ

ಇಡೀ ಅಮೆರಿಕಕ್ಕೆ ಒಂದೇ ನಿಯಮ ಎಂದುಕೊಳ್ಳಬೇಡಿ. ಚರ್ಮ ಒಂದೇ ಆದರೂ ರಾಜ್ಯಕ್ಕೊಂದು ಗಂಟೆ! ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕಿನಲ್ಲಿ 600, ಇಲಿನಾಯ್‌ನಲ್ಲಿ ಟೆಕ್ಸಾಸಿನಂತೆ 750, ಜಾರ್ಜಿಯಾದಲ್ಲಿ 1000. ಫ್ಲಾರಿಡಾದಲ್ಲಿ 260 ಇದ್ದದ್ದನ್ನು 2020ರಲ್ಲಿ 220ಕ್ಕೆ ಇಳಿಸಿದರು. ಕನೆಕ್ಟಿಕಟ್ ರಾಜ್ಯದಲ್ಲಿ 2020ರವರೆಗೆ ಲೈಸೆನ್ಸೇ ಇರಲಿಲ್ಲ. ಆ ವರ್ಷದಿಂದ 600 ಗಂಟೆ ಬೇಕೆಂದರು. ಜಾರ್ಜಿಯಾದವಳ ಕೈ ಫ್ಲಾರಿಡಾದವಳ ಕೈಗಿಂತ ನಾಲ್ಕೂವರೆ ಪಟ್ಟು ಒಳ್ಳೆಯದೇ? ಗಡಿ ದಾಟಿ ಮನೆ ಬದಲಿಸಿದವಳ ಪಾಡೇನು? ಈ ಪ್ರಶ್ನೆಗಳು ಅಲ್ಲಿಯವರಲ್ಲೂ ಇವೆ.

ಲೈಸೆನ್ಸು ಒಂದು ಸಲ ಸಿಕ್ಕಿತೆಂದರೆ ಜನ್ಮಕ್ಕಾಯಿತು ಎನ್ನುವಂತಿಲ್ಲ. ಟೆಕ್ಸಾಸಿನಲ್ಲಿ ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಹಾಗೆ ಮಾಡುವಾಗ 4 ಗಂಟೆಯ ಹೊಸ ಪಾಠ ಮುಗಿಸಿರಬೇಕು. ಅದರಲ್ಲಿ ಸ್ವಚ್ಛತೆಯ ಪಾಠ ಉಂಟು, ಹೆಣ್ಣುಮಕ್ಕಳನ್ನು ಮೋಸದಿಂದ ತಂದು ದುಡಿಸಿಕೊಳ್ಳುವ ಮಾನವ ಕಳ್ಳಸಾಗಣೆಯನ್ನು ಗುರುತಿಸುವ ಪಾಠವೂ ಉಂಟು. ಜಾರ್ಜಿಯಾದಲ್ಲಿ ಎರಡು ವರ್ಷಕ್ಕೆ 5 ಗಂಟೆ, ಇಲಿನಾಯ್ ಮತ್ತು ಫ್ಲಾರಿಡಾದಲ್ಲಿ 10 ಗಂಟೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಪಾಠವೇ ಇಲ್ಲ, ಹಣ ಕಟ್ಟಿ ನವೀಕರಿಸಿದರೆ ಸಾಕು.

ತಂಗಿಯ ಅಂಗಡಿಯಲ್ಲಿ ಲೈಸೆನ್ಸು ಇರುವ ಗುಜರಾತಿ ಹೆಂಗಸೊಬ್ಬರಿದ್ದಾರೆ. ರಾತ್ರಿ ಅಡಿಗೆ ಪಾತ್ರೆ ಮುಗಿಸಿ ಮೊಬೈಲಿನಲ್ಲೇ ಆ ಪಾಠ ಓದಿ ಮುಗಿಸುತ್ತಾರಂತೆ. “ಅರ್ಧ ಗೊತ್ತಿರೋದೇ. ಆದ್ರೂ ಮರೆತದ್ದು ನೆನಪಾಗುತ್ತೆ” ಎಂದರು ಹಿಂದಿಯಲ್ಲಿ. ಪ್ರಾಮಾಣಿಕವಾದ ಮಾತು.

ಇಲಿನಾಯ್ ರಾಜ್ಯದ ಒಂದು ಪಾಠದ ವಿಷಯ ಕೇಳಿ ಮಾತ್ರ ನನಗೆ ಮೈ ಜುಮ್ಮೆಂದಿತು. 2017ರಿಂದ ಅಲ್ಲಿ ಕೂದಲು, ಚರ್ಮ, ಉಗುರಿನ ಕೆಲಸ ಮಾಡುವವರು ಒಂದು ಗಂಟೆ ಗೃಹಹಿಂಸೆ ಮತ್ತು ಲೈಂಗಿಕ ದೌರ್ಜನ್ಯದ ಬಗ್ಗೆ ತಿಳಿಯಬೇಕು. ಯಾಕೆ ಗೊತ್ತೇ? ಗಂಡನ ಕೈಯಲ್ಲಿ ಪೆಟ್ಟು ತಿಂದವಳು ಪೊಲೀಸರ ಹತ್ತಿರ ಹೋಗದೆ ಇರಬಹುದು, ಡಾಕ್ಟರ ಹತ್ತಿರ ಜಾರಿ ಬಿದ್ದೆ ಎನ್ನಬಹುದು. ಆದರೆ ಕೂದಲು ಎತ್ತಿ ಕಟ್ಟುವವಳಿಗೆ, ಮುಖ ತೊಳೆಯುವವಳಿಗೆ ಆ ಕಂದು ಗುರುತು ಕಂಡೇ ಕಾಣುತ್ತದೆ. ಕಣ್ಣು ಮುಚ್ಚಿ ಮಲಗಿದಾಗ ಮನಸ್ಸಿನ ಮಾತೂ ಹೊರಗೆ ಬರುತ್ತದೆ. ದೂರು ಕೊಡಲೇಬೇಕೆಂದು ಕಾನೂನು ಅವರನ್ನು ಒತ್ತಾಯಿಸುವುದಿಲ್ಲ. ಗುರುತಿಸುವುದು, ಆಡಿಕೊಳ್ಳದೆ ಕೇಳಿಸಿಕೊಳ್ಳುವುದು, ಸಹಾಯ ಎಲ್ಲಿ ಸಿಗುತ್ತದೆಂದು ಹೇಳುವುದು, ಇಷ್ಟನ್ನು ಕಲಿಸುತ್ತಾರೆ. ನಮ್ಮ ಪಾರ್ಲರುಗಳಲ್ಲಿ ಎಷ್ಟು ಕಣ್ಣೀರು ಟವೆಲಿನಲ್ಲಿ ಒರಸಿ ಹೋಗುತ್ತದೋ! ಈ ಒಂದು ಗಂಟೆಯನ್ನು ನಾವು ಕಣ್ಣು ಮುಚ್ಚಿ ತರಬಹುದು.

ತಂಗಿಯ ತೀರ್ಮಾನ

ಎರಡೂವರೆ ತಿಂಗಳೂ ಆ ಮನೆಯಲ್ಲಿ ನಡೆದದ್ದು ಒಂದೇ ಚರ್ಚೆ. ಶಾಲೆಗೆ ಸೇರುವುದೋ ಬೇಡವೋ. ವಯಸ್ಸು 39. ಇಬ್ಬರು ಮಕ್ಕಳು. ತಿಪಟೂರಿಗೆ ಮುಂಚೆ ಬೆಂಗಳೂರಿನಲ್ಲಿ ಆರು ತಿಂಗಳು ಕಲಿತ ಸರ್ಟಿಫಿಕೇಟು ಪೆಟ್ಟಿಗೆಯಲ್ಲಿದೆ. ಬೇರೆ ಕಡೆಯ ಲೈಸೆನ್ಸು ಇದ್ದವರಿಗೆ ಬದಲಾಯಿಸಿಕೊಳ್ಳುವ ದಾರಿಯುಂಟು. ನಮ್ಮಲ್ಲಿ ಸರ್ಕಾರ ಕೊಡುವ ಲೈಸೆನ್ಸೇ ಇಲ್ಲವಲ್ಲ, ಏನನ್ನು ಬದಲಾಯಿಸಿಕೊಳ್ಳುವುದು?

ಮೊದಮೊದಲು ಅವಳಿಗೆ ಸಿಟ್ಟು. ಗೊತ್ತಿರುವುದನ್ನೇ ದುಡ್ಡು ಕೊಟ್ಟು ಮತ್ತೆ ಕಲಿಯಬೇಕೇ ಎಂದು. ನನಗೂ ಹಾಗೇ ಎನಿಸಿತ್ತು. ಆಮೇಲೆ ಆ ಗುಜರಾತಿ ಹೆಂಗಸು ತಮ್ಮ ಹಳೆಯ ಪಠ್ಯಪುಸ್ತಕ ಕೊಟ್ಟರು. ದಪ್ಪ ಪುಸ್ತಕ. ತಂಗಿ ಊಟವಾದ ಮೇಲೆ ಓದುತ್ತ ಕೂರುತ್ತಿದ್ದಳು. ಒಂದು ರಾತ್ರಿ ನನ್ನನ್ನು ಎಬ್ಬಿಸಿ, “ಅಕ್ಕ, ತಿಪಟೂರಲ್ಲಿ ಕೆಲವರಿಗೆ ಸಿಪ್ಪೆ ತೆಗೆಯೋ ಫೇಶಿಯಲ್ ಆದ ಮೇಲೆ ಮುಖ ಕಪ್ಪಾಗ್ತಿತ್ತಲ್ಲ, ಕ್ರೀಮೇ ಸರಿಯಿಲ್ಲ ಅಂತ ಕಂಪನಿ ಬದಲಾಯಿಸ್ತಿದ್ದೆ. ಮೇಲಿನ ಪದರ ತೆಗೆದ ಮೇಲೆ ಬಿಸಿಲು ತಾಗಿದ್ರೆ ನಮ್ಮ ಬಣ್ಣದವರಿಗೆ ಕಲೆ ಬೇಗ ಬೀಳುತ್ತಂತೆ. ಛತ್ರಿ ಹಿಡ್ಕೊಂಡು ಹೋಗಿ ಅಂತ ಒಂದು ಮಾತು ಹೇಳಿದ್ರೆ ಸಾಕಾಗ್ತಿತ್ತು” ಎಂದಳು. ಎಂಟು ವರ್ಷದ ಅನುಭವ ಹೇಳಿಕೊಡದ ಒಂದು ಮಾತನ್ನು ಪುಸ್ತಕದ ಒಂದು ಪುಟ ಹೇಳಿಕೊಟ್ಟಿತ್ತು.

ನಾನು ಹೊರಡುವ ಹೊತ್ತಿಗೆ ಅವಳು ತೀರ್ಮಾನಿಸಿಬಿಟ್ಟಿದ್ದಳು. ಅಲ್ಲಿ ಮಕ್ಕಳ ಶಾಲೆ ಆಗಸ್ಟಿನಲ್ಲಿ ಆರಂಭ. ಆಗ ಅವಳೂ ಸೇರುತ್ತಾಳೆ. ಬೆಳಿಗ್ಗೆ ಪಾಠ, ಶನಿವಾರ ಭಾನುವಾರ ದಾರ. “320 ಗಂಟೆ ದಂಡ ಅಂತಲೇ ಇಟ್ಕೋ, ಮಿಕ್ಕಿದ್ದು ನನಗೇ ಬೇಕು” ಎಂದಳು. ಕೋರ್ಟಿನಲ್ಲಿ ಆರು ಜನ ಒಂದು ಹೇಳಿದರು, ಮೂರು ಜನ ಒಂದು ಹೇಳಿದರು, ನನ್ನ ತಂಗಿ ಎರಡನ್ನೂ ಸೇರಿಸಿ ಹೇಳಿದಳು ಎನ್ನಿಸಿತು.

ನಮ್ಮೂರಿನ ಗೋಡೆ ಖಾಲಿ

ಈಗ ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಪಾರ್ಲರ್ ತೆರೆಯಲು ನಗರಸಭೆಯಿಂದ ವ್ಯಾಪಾರದ ಪರವಾನಗಿ ತೆಗೆದುಕೊಳ್ಳಬೇಕು. ಅದು ಅಂಗಡಿಗೆ. ಒಳಗೆ ಕೆಲಸ ಮಾಡುವ ಕೈಗೆ ಯಾವ ಲೈಸೆನ್ಸೂ ಇಲ್ಲ. ಕಲಿಯುವ ದಾರಿ ಇಲ್ಲವೆಂದಲ್ಲ. ಐ.ಟಿ.ಐ.ಗಳಲ್ಲಿ ಕಾಸ್ಮೆಟಾಲಜಿ ಎಂಬ ಒಂದು ವರ್ಷದ ತರಬೇತಿ ಇದೆ, ಕೌಶಲ ತರಬೇತಿ ಯೋಜನೆಗಳಲ್ಲಿ ಬ್ಯೂಟಿ ಥೆರಪಿಸ್ಟ್ ಸರ್ಟಿಫಿಕೇಟ್ ಇದೆ. ಆದರೆ ಅದಿಲ್ಲದೆಯೂ ಕೆಲಸ ಮಾಡಬಹುದು. ಯಾರೂ ಕೇಳುವುದಿಲ್ಲ.

ಕೇಳದಿದ್ದರೆ ಏನಾಗುತ್ತದೆ? ನಮ್ಮ ನೆಂಟರ ಹುಡುಗಿಯೊಬ್ಬಳಿಗೆ ಮದುವೆಗೆ ಎರಡು ದಿನ ಮುಂಚೆ ಒಂದು ಪಾರ್ಲರಿನಲ್ಲಿ ಬ್ಲೀಚ್ ಮಾಡಿದರು. ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡಲಿಲ್ಲ. ಉರಿ ಎಂದಾಗ, ಸ್ವಲ್ಪ ತಡ್ಕೊಳ್ಳಿ ಎಂದರು. ಸಂಜೆಗೆ ಕೆನ್ನೆ ಕೆಂಪಗೆ ಬೊಬ್ಬೆ ಎದ್ದಿತು. ಧಾರೆಯ ಫೋಟೋಗಳಲ್ಲಿ ಆ ಹುಡುಗಿ ಒಂದೇ ಪಕ್ಕಕ್ಕೆ ಮುಖ ತಿರುಗಿಸಿಕೊಂಡಿದ್ದಾಳೆ.

ಹಾಗೆಂದು ನಾಳೆಯಿಂದ ನಮ್ಮಲ್ಲೂ 750 ಗಂಟೆ ಎಂದರೆ? ಹೋಬಳಿ ಊರುಗಳಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕನ್ನಡಿ, ಒಂದು ಕುರ್ಚಿ ಇಟ್ಟುಕೊಂಡು ಮಕ್ಕಳ ಸ್ಕೂಲ್ ಫೀಸು ಕಟ್ಟುತ್ತಿರುವ ಎಷ್ಟೋ ಹೆಣ್ಣುಮಕ್ಕಳು ಬಾಗಿಲು ಹಾಕಬೇಕಾಗುತ್ತದೆ. ಅವರಲ್ಲಿ ಗಂಡ ಬಿಟ್ಟವರಿದ್ದಾರೆ, ವಿಧವೆಯರಿದ್ದಾರೆ. ಅವರ ಅನ್ನಕ್ಕೆ ಕಲ್ಲು ಹಾಕುವ ಕಾನೂನು ಬೇಡ. ಸ್ವಚ್ಛತೆ, ಪ್ರಥಮ ಚಿಕಿತ್ಸೆ, ಚರ್ಮದ ಗುಣ, ಇಷ್ಟನ್ನು ಕಲಿಸುವ 40 ಗಂಟೆಯ ಪಾಠ ಸಾಕು. ದಿನಕ್ಕೆ ಎರಡು ಗಂಟೆಯಂತೆ 20 ದಿನ. ತಾಲ್ಲೂಕಿನಲ್ಲೇ, ಕನ್ನಡದಲ್ಲೇ, ಖರ್ಚಿಲ್ಲದೆ ಕಲಿಸಿ ಒಂದು ಕಾಗದ ಕೊಟ್ಟರೆ ಯಾರು ಬೇಡ ಎನ್ನುತ್ತಾರೆ? ಮಹಿಳಾ ಸಂಘಗಳು, ಸ್ತ್ರೀಶಕ್ತಿ ಗುಂಪುಗಳು ಮನಸ್ಸು ಮಾಡಿದರೆ ಊರಿನ ಚರ್ಮವೈದ್ಯರನ್ನೋ ಆಸ್ಪತ್ರೆಯ ನರ್ಸಮ್ಮನನ್ನೋ ಕರೆಸಿ ಒಂದು ಭಾನುವಾರದ ಪಾಠ ಈಗಲೇ ಮಾಡಿಸಬಹುದು.

ಅಲ್ಲಿಯವರೆಗೆ ನಾವೇ ತಪಾಸಣೆ ಮಾಡಬೇಕು. ಮುಂದಿನ ಸಲ ಹೋದಾಗ ಇಷ್ಟನ್ನು ಗಮನಿಸಿ:

* ನಿಮ್ಮ ಮುಖ ಮುಟ್ಟುವ ಮೊದಲು ಅವರು ಕೈ ತೊಳೆದರೇ? ಟವೆಲು ಒಗೆದದ್ದೇ? ಅನುಮಾನವಿದ್ದರೆ ಮನೆಯಿಂದ ನಿಮ್ಮದೇ ಟವೆಲು ಒಯ್ಯಿರಿ.

* ಹುಬ್ಬಿಗೆ ಹೊಸ ದಾರ ಎಳೆದುಕೊಳ್ಳಲಿ. ಹಿಂದಿನವರಿಗೆ ಬಳಸಿದ ತುಂಡು ಬೇಡ.

* ವ್ಯಾಕ್ಸಿಗೆ ಪ್ರತಿ ಸಲ ಹೊಸ ಕಡ್ಡಿ ಕೇಳಿ. ಬಿಸಿಯನ್ನು ಅವರು ಮೊದಲು ತಮ್ಮ ಮಣಿಕಟ್ಟಿನ ಮೇಲೆ ನೋಡಲಿ.

* ಬ್ಲೀಚ್, ಹೊಸ ಕ್ರೀಮು ಏನೇ ಇರಲಿ, ಹಿಂದಿನ ದಿನವೇ ಕಿವಿಯ ಹಿಂದೆಯೋ ಮೊಣಕೈ ಒಳಮಡಿಕೆಯಲ್ಲೋ ಸ್ವಲ್ಪ ಹಚ್ಚಿಸಿಕೊಂಡು 24 ಗಂಟೆ ನೋಡಿ. ಮದುವೆಯ ವಾರದಲ್ಲಿ ಹೊಸ ಪ್ರಯೋಗ ಬೇಡ.

* ಮೊಡವೆಗೆಂದು ಡಾಕ್ಟರು ಕೊಟ್ಟ ಟ್ರೆಟಿನಾಯಿನ್ ಕ್ರೀಮನ್ನೋ ಐಸೊಟ್ರೆಟಿನಾಯಿನ್ ಮಾತ್ರೆಯನ್ನೋ ಬಳಸುತ್ತಿದ್ದರೆ ವ್ಯಾಕ್ಸಿಂಗ್ ಮಾಡಿಸಬೇಡಿ. ಚರ್ಮವೇ ಕಿತ್ತು ಬರಬಹುದು. ಸಕ್ಕರೆ ಕಾಯಿಲೆ ಇದ್ದವರು ಮೊದಲೇ ಹೇಳಿ.

* ಸೂಜಿ ಚುಚ್ಚುವ ಯಾವ ಕೆಲಸವೂ ಪಾರ್ಲರಿನದಲ್ಲ, ಚರ್ಮವೈದ್ಯರದು.

* ಉರಿ ಎಂದರೆ ಉರಿಯೇ. ತಡೆದುಕೊಳ್ಳಬೇಡಿ, ಕೂಡಲೇ ತಣ್ಣೀರಿನಲ್ಲಿ ತೊಳೆಸಿ.

ಕೇಳುವಾಗ ಜಗಳದ ದನಿ ಬೇಡ. ಅವಳೂ ನಮ್ಮಂತೆ ಮನೆ ನಡೆಸುವವಳೇ. “ಎಲ್ಲಿ ಕಲಿತಿರಮ್ಮ?” ಎಂದು ವಿಶ್ವಾಸದಿಂದ ಕೇಳಿ. ಕಲಿತವಳಾದರೆ ಹೆಮ್ಮೆಯಿಂದ ಹೇಳುತ್ತಾಳೆ. ಸರ್ಟಿಫಿಕೇಟು ಪೆಟ್ಟಿಗೆಯಲ್ಲಿದ್ದರೆ ತಂದು ಗೋಡೆಗೆ ಹಾಕಲು ಹೇಳಿ. ಗಿರಾಕಿಗಳು ಹತ್ತು ಜನ ಕೇಳಿದರೆ, ಯಾವ ಸರ್ಕಾರದ ಆಜ್ಞೆಯೂ ಇಲ್ಲದೆ, ನೀಲಿ ನೀರಿನ ಜಾಡಿ ತಾನಾಗಿ ಮೇಜಿನ ಮೇಲೆ ಬಂದು ಕೂರುತ್ತದೆ.